ಮೂರು ಸುತ್ತು ಕಾದದ್ದು

ಮಧುವನಹಳ್ಳಿ
12 ಜುಲೈ 1971

ಮಾವನವರಿಗೆ,

ನೀವು ಸಮುದ್ರದಲ್ಲಿದ್ದೀರೋ ದಡದಲ್ಲಿದ್ದೀರೋ ಗೊತ್ತಿಲ್ಲ. ಎಲ್ಲಿದ್ದರೂ ಚೆನ್ನಾಗಿದ್ದೀರಿ ಎಂದು ಅಸ್ಯೂಮ್ ಮಾಡಿಕೊಂಡು ಬರೆಯುತ್ತಿದ್ದೇನೆ. ಫ್ಲೀಟ್ ಮೇಲ್ ಆಫೀಸು, ಬೊಂಬಾಯಿ ಎಂದಷ್ಟು ಬರೆದರೆ ನಿಮ್ಮ ಹಡಗು ಎಲ್ಲಿದ್ದರೂ ಕಾಗದ ಹುಡುಕಿಕೊಂಡು ಹೋಗುತ್ತದಂತೆ, ನಿಜವೇ?

ನಾನು ಮೈಸೂರಿನ ಹಾಸ್ಟೆಲು ಬಿಟ್ಟು ಬಂದೆ. ಏಳು ವರ್ಷ ಇದ್ದ ಜಾಗ. ಕೊಳ್ಳೇಗಾಲದಲ್ಲಿ ಹೊಸ ಕಾಲೇಜು ಶುರುವಾಗಿದೆ ಎಂದು ಯಾರೋ ಹೇಳಿದ್ದೇ ತಡ, ಅಪ್ಪ ಬಂದು ಟ್ರಂಕು ಎತ್ತಿಸಿಬಿಟ್ಟರು. "ಮನೆ ಬಾಗ್ಲುಗೇ ಕಾಲೇಜು ಬಂದದ. ಇನ್ಯಾಕ್ಲಾ ಮೈಸೂರ್ನಲ್ಲಿ ನೀರ್ ಸಾರು ಕುಡ್ಕಂಡು ಬಿದ್ದಿರ್ಬೇಕು?" ಎಂದರು. ಈಗ ಫಸ್ಟ್ ಇಯರ್ ಬಿ.ಎಸ್ಸಿ. ದಿನಾ ಮಧುವನಹಳ್ಳಿಯಿಂದ ನಡೆದು ಹೋಗುತ್ತೇನೆ. ಮೈಸೂರಿನಲ್ಲಿ ನನ್ನ ಕನ್ನಡಕ್ಕೆ ನಗುತ್ತಿದ್ದರು, ಇಲ್ಲಿ ನನ್ನ ಇಂಗ್ಲಿಷಿಗೆ ನಗುತ್ತಾರೆ. ಅದೇನು ದೊಡ್ಡ ವಿಷಯವಲ್ಲ. ಲೆಕ್ಚರರುಗಳಿಗೆ ನನ್ನ ಮೇಲೆ ಒಳ್ಳೆಯ ಅಭಿಪ್ರಾಯವಿದೆ. ಫಿಸಿಕ್ಸಿನ ಶಿವನಂಜಯ್ಯನವರು ಮೊದಲ ವಾರವೇ ನನ್ನನ್ನು ಎಬ್ಬಿಸಿ ಪ್ರಶ್ನೆ ಕೇಳಿದರು.

ಅವ್ವ ಪಕ್ಕದಲ್ಲೇ ಕೂತು, "ನನ್ ತಮ್ಮುನ್ಗೆ ಬರಿ, ಬಿಸ್ಲಲ್ಲಿ ತಿರುಗ್ಬೇಡ ಅನ್ನು" ಎನ್ನುತ್ತಿದ್ದಾಳೆ. ಹಡಗಿನಲ್ಲಿ ಎಲ್ಲಿಗೆ ತಿರುಗುತ್ತೀರಿ ಎಂದು ಕೇಳಿದರೆ ಬೈಯುತ್ತಾಳೆ. ಹನೂರಿನ ಅಜ್ಜಿ ಮಾತ್ರ ನೀವು ಫಾರಿನ್ನಿಗೆ ಹೋಗುತ್ತೀರೆಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದಾರೆ. ಏನದು, ನನಗೂ ಸ್ವಲ್ಪ ಬಿಡಿಸಿ ಬರೆಯಿರಿ.

ನಿಮ್ಮ ರುದ್ರ
(ಶಿವರುದ್ರಸ್ವಾಮಿ ಎಂದು ಬರೆದರೆ ಕಾಲೇಜಿನ ಅಟೆಂಡೆನ್ಸ್ ನೆನಪಾಗುತ್ತದೆ)


ಬೊಂಬಾಯಿ
2 ಆಗಸ್ಟ್ 1971

ರುದ್ರನಿಗೆ ಮಾದೇವು ಮಾವನ ಆಶೀರ್ವಾದ.

ದಡದಲ್ಲೇ ಇದ್ದೇನಪ್ಪ. ಎಲ್ಲಾ ಸರಿ, ಹೊಟ್ಟೆ ಮಾತ್ರ ಮುದ್ದೆ ಕೇಳುತ್ತದೆ. ಹಡಗಿನ ಹೆಸರು ಬರೆಯುವಂತಿಲ್ಲ. ಬರೆದರೂ ಕಾಗದ ಓದಿ ಮಸಿ ಬಳಿಯುವುದಕ್ಕೆ ಇಲ್ಲಿ ಕನ್ನಡ ಬಲ್ಲವನು ನಾನೊಬ್ಬನೇ. ನನ್ನ ಕಾಗದಕ್ಕೆ ನಾನೇ ಮಸಿ ಬಳಿಯಬೇಕು.

ನಮ್ಮವ್ವ, ನಿನ್ನ ಹನೂರಿನ ಅಜ್ಜಿ, ಹೇಳಿದ್ದು ಅರ್ಧ ನಿಜ. ಮುಂದಿನ ವರ್ಷ ಒಂದು ಹೊಸ ಹಡಗು ಬರುತ್ತದೆ. ಅದರ ಯಂತ್ರ ಕಲಿಯಲು ನಮ್ಮಲ್ಲಿ ಆರು ಜನರನ್ನು ಹೊರದೇಶಕ್ಕೆ ಕಳಿಸುತ್ತಾರೆ. ಹದಿನಾಲ್ಕು ಜನರ ಪಟ್ಟಿಯಲ್ಲಿ ನನ್ನ ಹೆಸರಿದೆ. ಅಕ್ಟೋಬರಿನ ಸಮರಾಭ್ಯಾಸದಲ್ಲಿ ಯಾರು ಹೇಗೆ ಕೆಲಸ ಮಾಡುತ್ತಾರೆ ನೋಡಿ ಆರು ಜನರನ್ನು ಆರಿಸುವುದು. ಎಸ್ಸೆಸ್ಸೆಲ್ಸಿ ಮುಗಿಸಿ ಬಂದವನಿಗೆ ಇಂಥ ಬಾಗಿಲು ಇನ್ನೊಂದು ಸಲ ತೆರೆಯುವುದಿಲ್ಲ ರುದ್ರ. ನಾನು ಏನನ್ನೂ ಇಷ್ಟು ಬಯಸಿದವನಲ್ಲ.

ನನ್ನ ಕೆಲಸ ಏನು ಅಂತ ಕೇಳು. ಹಡಗಿನ ಹೊಟ್ಟೆಯಲ್ಲಿ ಆಪರೇಷನ್ಸ್ ರೂಮು ಎನ್ನುವ ಕತ್ತಲೆ ಕೋಣೆ. ಅಲ್ಲಿ ರೇಡಾರಿನ ದುಂಡು ಪರದೆಯ ಮುಂದೆ ನನ್ನ ಕುರ್ಚಿ. ಮೇಲೆ ಕಂಬದ ತುದಿಯಲ್ಲಿ ಆಂಟೆನಾ ಆರು ಸೆಕೆಂಡಿಗೊಂದು ಸುತ್ತು ಹಾಕುತ್ತದೆ, ಪರದೆಯ ಮೇಲೆ ಒಂದು ಬೆಳಕಿನ ಗೆರೆ ಅದರ ಜೊತೆಗೇ ಸುತ್ತುತ್ತದೆ. ಎಲ್ಲಾದರೂ ವಿಮಾನ ಇದ್ದರೆ ಅಲ್ಲೊಂದು ಚುಕ್ಕಿ ಮೂಡುತ್ತದೆ. ನಾನು ದಿಕ್ಕು, ದೂರ ಕೂಗಬೇಕು. ನನ್ನ ಕೂಗು ಕೇಳಿ ಇನ್ನೊಬ್ಬ ಗಾಜಿನ ಹಲಗೆಯ ಹಿಂದೆ ನಿಂತು ಅಂಕಿಗಳನ್ನು ತಿರುವುಮುರುವಾಗಿ ಬರೆಯುತ್ತಾನೆ. ಈ ಕಡೆ ನಿಂತ ಆಫೀಸರಿಗೆ ಅದು ನೆಟ್ಟಗೆ ಕಾಣುತ್ತದೆ. ಆಫೀಸರು ನೋಡಿ ತೀರ್ಮಾನ ಮಾಡಿ ಫಿರಂಗಿಯವರಿಗೆ ಹೇಳುತ್ತಾರೆ, ಅವರು ಫಿರಂಗಿ ತಿರುಗಿಸುತ್ತಾರೆ. ಬಾಯಿಂದ ಬಾಯಿಗೆ ಮಾತು ಹೋಗಬೇಕು. ಹೊಸ ಹಡಗಿನಲ್ಲಿ ಇದನ್ನೆಲ್ಲ ತಂತಿಯಲ್ಲಿ ಹೆಣೆದು ಒಂದೇ ಮಾಡಿದ್ದಾರಂತೆ. ರೇಡಾರು ಲೆಕ್ಕದ ಯಂತ್ರಕ್ಕೆ ಹೇಳುತ್ತದೆ, ಅದು ಫಿರಂಗಿಗೂ ಕ್ಷಿಪಣಿಗೂ ಹೇಳುತ್ತದೆ. ನಾಲ್ಕು ವರ್ಷದ ಹಿಂದೆ ಬೇರೆ ದೇಶದ ಒಂದು ಸಣ್ಣ ದೋಣಿ ಬಿಟ್ಟ ಕ್ಷಿಪಣಿ ದೊಡ್ಡ ಯುದ್ಧನೌಕೆಯನ್ನೇ ಮುಳುಗಿಸಿತಲ್ಲ, ಅವತ್ತಿಂದ ಎಲ್ಲರಿಗೂ ಭಯ. ಬಾಯಿಂದ ಬಾಯಿಗೆ ಹೋಗುವಷ್ಟು ಹೊತ್ತು ಇನ್ನು ಮುಂದೆ ಇರುವುದಿಲ್ಲ ಅನ್ನುತ್ತಾರೆ.

ನಮ್ಮ ಹನೂರಿನ ಹೊಲ ಕಾಯುವ ಅಟ್ಟಣೆಗಳೇ ಕಣಪ್ಪ ಇದು. ಕಾಡಿನ ಅಂಚಿಗೆ ಮೊದಲ ಅಟ್ಟಣೆ, ಅದರ ಹಿಂದೆ ನಾಲ್ಕು. ಆನೆಯೋ ಹಂದಿಯೋ ಬಂದರೆ ಮೊದಲನೆಯವನು ಕೂಗಬೇಕು, ಎರಡನೆಯವನು ಹಿಡಿದುಕೊಂಡು ಹಿಂದಕ್ಕೆ ಕೂಗಬೇಕು. ಸುಳ್ಳು ಕೂಗು ಕೂಗಿದವನು ಮಾರನೆ ದಿನ ಐದೂ ಅಟ್ಟಣೆಗೆ ನೀರು ಹೊರಬೇಕು. ಅದು ಕಟ್ಟುಪಾಡು. ನೀರು ಹೊರುವುದೇನೂ ಕಷ್ಟವಲ್ಲ, ದಾರಿಯುದ್ದಕ್ಕೂ ಬೀಳುವ ಮಾತು ಕಷ್ಟ. ನನಗೆ ಹದಿನಾಲ್ಕಕ್ಕೇ ಮೊದಲ ಅಟ್ಟಣೆ ಕೊಟ್ಟರು. ಹಿಂದಿನ ಅಟ್ಟಣೆಯ ದೊಡ್ಡಮಾದಪ್ಪನವರು, "ಮಾದೇವು ಕೂಗುದ್ರೆ ಎದ್ದು ಓಡು, ಕೂಗ್ದೇ ಇದ್ರೆ ಕಾಲ್ಚಾಚಿ ಮಲಿಕ್ಕೋ" ಎನ್ನುತ್ತಿದ್ದರು. ನಾನು ಒಂದು ದಿನವೂ ಆ ನೀರು ಹೊತ್ತವನಲ್ಲ.

ಇಲ್ಲಿ ಲೆಫ್ಟಿನೆಂಟ್ ಸಾಹೇಬರು ಬೇರೆಯೇ ಹೇಳುತ್ತಾರೆ. ಅನುಮಾನ ಬಂದರೂ ಸಾಕು, ಕೂಗು ಅನ್ನುತ್ತಾರೆ. ಅಲೆಯೂ ಚುಕ್ಕಿ ಬರಿಸುತ್ತದೆ, ಹಕ್ಕಿಯ ಹಿಂಡೂ ಬರಿಸುತ್ತದೆ. ಅದನ್ನೆಲ್ಲ ಕೂಗಿದರೆ ನಾನೇನು ಕಂಡ ಹಾಗಾಯಿತು? ನೀನು ಸೈನ್ಸು ಓದುವವನು. ಗೊತ್ತಿಲ್ಲದ್ದನ್ನು ಗೊತ್ತಿಲ್ಲದ ಹಾಗೇ ಹೇಳಿಬಿಡುವುದು ಸರಿಯೇ? ನಿನ್ನ ಪುಸ್ತಕದಲ್ಲಿ ಏನಿದೆ ನೋಡಿ ಬರಿ.

ಮಹದೇವು


ಮಧುವನಹಳ್ಳಿ
22 ಆಗಸ್ಟ್ 1971

ಮಾವ,

ನಿಮ್ಮ ಕಾಗದವನ್ನು ನಾಲ್ಕು ಸಲ ಓದಿದೆ. ನನ್ನನ್ನು ಇಂಥ ಪ್ರಶ್ನೆ ಕೇಳಿದವರು ನೀವೇ ಮೊದಲು. ಇಲ್ಲಿ ಯಾರೂ ನನ್ನನ್ನು ಏನೂ ಕೇಳುವುದಿಲ್ಲ.

ಉತ್ತರ ಸ್ಪಷ್ಟವಾಗಿದೆ. ನಮ್ಮ ಲ್ಯಾಬಿನಲ್ಲಿ ವರ್ನಿಯರ್ ಕ್ಯಾಲಿಪರ್ಸ್ ಎಂಬ ಅಳತೆಯ ಸಾಧನ ಕೊಟ್ಟು ಹಿತ್ತಾಳೆಯ ಸಿಲಿಂಡರಿನ ದಪ್ಪ ಅಳೆಯಿರಿ ಎನ್ನುತ್ತಾರೆ. ಒಂದು ಸಲ ಅಳೆದು ರೆಕಾರ್ಡಿನಲ್ಲಿ ಬರೆದರೆ ಶಿವನಂಜಯ್ಯನವರು ಕೆಂಪು ಇಂಕಿನಲ್ಲಿ ಅಡ್ಡ ಗೆರೆ ಎಳೆಯುತ್ತಾರೆ. ಕನಿಷ್ಠ ಮೂರು ರೀಡಿಂಗ್ ಬೇಕು. ಮೂರೂ ಒಂದಕ್ಕೊಂದು ಹೊಂದಿದರೆ ಮಾತ್ರ ಅದು ಫ್ಯಾಕ್ಟ್. ಅಲ್ಲಿಯವರೆಗೆ ಅದು ಬರೀ ಒಪಿನಿಯನ್. ನಿಮ್ಮ ಸಾಹೇಬರು ಹೇಳುವುದು ಅನ್‌ಸೈಂಟಿಫಿಕ್ ಎಂದು ನನ್ನ ಅಭಿಪ್ರಾಯ.

ಆದ್ದರಿಂದ ನೀವು ಗೆರೆ ಮೂರು ಸುತ್ತು ಬರುವುದನ್ನು ನೋಡಿ. ಮೂರು ಸಲವೂ ಚುಕ್ಕಿ ಮೂಡಿದರೆ ಹೇಳಿ. ಖಚಿತವಾಗದೆ ಬಾಯಿ ಬಿಡಬೇಡಿ. ತಪ್ಪು ಹೇಳಿ ಒಂದು ಸಲ ನಗೆಪಾಟಲಾದರೆ ಆಮೇಲೆ ನೀವು ಸರಿ ಹೇಳಿದರೂ ಯಾರೂ ಕೇಳುವುದಿಲ್ಲ. ಇದನ್ನು ಪುಸ್ತಕ ನೋಡಿಯೇ ಬರೆಯುತ್ತಿದ್ದೇನೆ.

ರುದ್ರ


ಬೊಂಬಾಯಿ
14 ಸೆಪ್ಟೆಂಬರ್ 1971

ರುದ್ರ,

ನಿನ್ನ ಕಾಗದ ಓದಿ ಎದೆ ಮೇಲಿನ ಕಲ್ಲು ಇಳಿದ ಹಾಗಾಯಿತು. ನನ್ನ ಮನಸ್ಸಿನಲ್ಲಿದ್ದುದನ್ನೇ ಪುಸ್ತಕದಿಂದ ತೆಗೆದು ಕೊಟ್ಟೆಯಲ್ಲೋ. ಈಗ ಮೂರು ಸುತ್ತು ಎಣಿಸಿಯೇ ಕೂಗುತ್ತೇನೆ. ಹತ್ತು ದಿನದಲ್ಲಿ ಒಂದೂ ತಪ್ಪಿಲ್ಲ. ಪಕ್ಕದ ಕುರ್ಚಿಯ ರತ್ನಗಿರಿಯ ಸಾವಂತ ದಿನಕ್ಕೆ ಆರು ಸಲ ಕೂಗುತ್ತಾನೆ, ಅದರಲ್ಲಿ ನಾಲ್ಕು ಅಲೆ. ನಮ್ಮೂರಲ್ಲಿ ಇದ್ದಿದ್ದರೆ ನೀರು ಹೊತ್ತು ಹೊತ್ತು ಭುಜ ಸವೆಯುತ್ತಿತ್ತು. ಅವನಿಗೆ ಒಂದಿಷ್ಟೂ ನಾಚಿಕೆಯಿಲ್ಲ. ಕೂಗಿ, ತಪ್ಪಾಯಿತು ಅಂತ ಗೊತ್ತಾಗಿ, ಚಹಾ ಕುಡಿಯುತ್ತಾನೆ.

ಸಾಹೇಬರು ಮೊನ್ನೆ, ನೀನು ತಡ ಮಾಡುತ್ತೀಯ ಅಂದರು. ಸಮರಾಭ್ಯಾಸದ ದಿನ ಗೊತ್ತಾಗುತ್ತದೆ ಬಿಡು ಅವರಿಗೆ. ಅಕ್ಟೋಬರ್ ಹತ್ತೊಂಬತ್ತನೇ ತಾರೀಕು ಅಂತ ಗೊತ್ತುಮಾಡಿದ್ದಾರೆ.

ಚೆನ್ನಾಗಿ ಓದು. ನಿನ್ನಂಥವನು ಒಬ್ಬ ಮನೆಯಲ್ಲಿರಬೇಕು.

ಮಹದೇವು


ಹನೂರು
3 ಅಕ್ಟೋಬರ್ 1971

ಮಾವ,

ದಸರಾ ರಜೆಗೆ ಅಜ್ಜಿಯ ಮನೆಗೆ ಬಂದಿದ್ದೇನೆ. ಇಲ್ಲಿಯವರ ಮಾತಿನಲ್ಲಿ ನೀವು ಆಗಲೇ ಫಾರಿನ್ನಿಗೆ ಹೋಗಿ ಬಂದೂ ಆಯಿತು. ಅಜ್ಜಿ ನೀವು ಚಳಿಯ ದೇಶಕ್ಕೆ ಹೋಗುವುದೆಂದು ಎರಡು ಕಂಬಳಿ ಎತ್ತಿಟ್ಟಿದ್ದಾರೆ. ದೊಡ್ಡಮಾದಪ್ಪನವರು ಜಗುಲಿಯಲ್ಲಿ ಕೂತು, "ಅಲ್ಲಾ ಪುಟ್ಟಬಸವ್ವ, ಕಂಬ್ಳಿ ಹೊದ್ಕಂಡು ಹಡಗೋಡ್ಸುಕ್ಕೆ ನಿನ್ ಮಗ ಏನ್ ಕುರಿ ಕಾಯುಕ್ಕೋದನಾ?" ಎಂದರೆ ಅಜ್ಜಿ, "ನಿಮ್ಗೇನ್ ಗೊತ್ತು ಬುಡಿ, ನೀವು ಸಮುದ್ರ ಅಂದ್ರೆ ದೊಡ್ ಕೆರೆ ಅನ್ಕಂಡಿದ್ದರಿ" ಎನ್ನುತ್ತಾರೆ. ನನಗೂ ನಗು ಬಂತು. ನಕ್ಕು ಬಹಳ ದಿನವಾಗಿತ್ತು.

ಪಕ್ಕದ ಹೊಲದ ಮುನಿಯನ ಮಗಳಿಗೆ ಮದುವೆ ಗೊತ್ತಾಗಿದೆ. ಹೊಲದಲ್ಲಿ ರಾಗಿ ತೆನೆ ಕಟ್ಟಿದೆ. ಅಟ್ಟಣೆಗಳನ್ನು ಹೊಸ ಬಿದಿರು ಹಾಕಿ ಬಿಗಿದಿದ್ದಾರೆ.

ಇನ್ನೊಂದು ವಿಷಯ ಬರೆಯಬೇಕು ಅಂದುಕೊಂಡಿದ್ದೆ. ಅದನ್ನು ಇನ್ನೂ ಸರಿಯಾಗಿ ನೋಡಿಕೊಳ್ಳಬೇಕು. ರಜೆ ಮುಗಿದ ಮೇಲೆ ಕೇಳಿ ತಿಳಿದುಕೊಂಡು ಬರೆಯುತ್ತೇನೆ. ಅರ್ಜೆಂಟು ಏನಿಲ್ಲ.

ಹತ್ತೊಂಬತ್ತಕ್ಕೆ ಆಲ್ ದಿ ಬೆಸ್ಟ್.

ರುದ್ರ


ಬೊಂಬಾಯಿ
28 ಅಕ್ಟೋಬರ್ 1971

ರುದ್ರನಿಗೆ,

ಕಾಗದ ತಲುಪಿತು. ನನ್ನನ್ನು ಈಗ ಮೇಲಿನ ಡೆಕ್ಕಿಗೆ ಹಾಕಿದ್ದಾರೆ. ಕತ್ತಲೆ ಕೋಣೆಯ ಸಹವಾಸ ತಪ್ಪಿತು. ಗಾಳಿ ಬೆಳಕು ಚೆನ್ನಾಗಿದೆ. ಊಟ ಸೇರುತ್ತದೆ.

ಹೊರದೇಶದ ವಿಷಯ ಇನ್ನೂ ಏನೂ ಗೊತ್ತಿಲ್ಲ ಅಂತ ಅವ್ವನಿಗೆ ಹೇಳು. ಕಂಬಳಿ ಹಾಗೆಲ್ಲ ಎತ್ತಿಡುವುದು ಬೇಡ, ನುಸಿ ಹಿಡಿಯುತ್ತದೆ.

ನಿನ್ನ ಅಕ್ಷರ ದುಂಡಗಾಗಿದೆ.

ಮಹದೇವು


ಮಧುವನಹಳ್ಳಿ
12 ನವೆಂಬರ್ 1971

ಮಾವ,

ಕಂಗ್ರಾಚುಲೇಷನ್ಸ್! ನೀವು ಸಣ್ಣದಾಗಿ ಬರೆದರೆ ನಮಗೆ ಗೊತ್ತಾಗುವುದಿಲ್ಲವೇ? ಕೆಳಗಿನ ಕೋಣೆಯಿಂದ ಮೇಲಿನ ಡೆಕ್ಕಿಗೆ ಹಾಕಿದ್ದಾರೆ ಎಂದರೆ ಪ್ರಮೋಷನ್ ಅಲ್ಲದೆ ಇನ್ನೇನು? ಅಪ್ಪನಿಗೆ ಓದಿ ಹೇಳಿದೆ. "ಮೇಲುಕ್ ಹತ್ತುದ್ನಾ? ಸರಿ ಬುಡು, ಇನ್ ಇಳಿಯಲ್ಲ" ಎಂದರು. ಅಜ್ಜಿ ಆರು ಜನರಲ್ಲಿ ನೀವೇ ಮೊದಲನೆಯವರು ಎಂದು ಹೇಳಿಕೊಂಡು ತಿರುಗುತ್ತಿದ್ದಾರೆ. ಇನ್ನೂ ಏನೂ ಗೊತ್ತಿಲ್ಲ ಎಂದು ನೀವು ಬರೆದದ್ದನ್ನು ಹೇಳಿದೆ. "ಅಂವ ಯಾವಾಗ್ಲೂ ಅಂಗೇ ಕನಪ್ಪ, ಕೈಗ್ ಬರಗಂಟ ಬಾಯ್ಬುಡಲ್ಲ" ಎಂದು ನಕ್ಕರು.

ಒಂದು ಸಣ್ಣ ಕರೆಕ್ಷನ್. ನಾನು ಆಗಸ್ಟಿನಲ್ಲಿ ಮೂರು ಸುತ್ತು ಎಂದು ಬರೆದಿದ್ದೆನಲ್ಲ, ಅದು ವಿಮಾನಕ್ಕೆ ಅಪ್ಲೈ ಆಗುವುದಿಲ್ಲ. ಸಿಲಿಂಡರು ಮೇಜಿನ ಮೇಲೆ ಇದ್ದಲ್ಲೇ ಇರುತ್ತದೆ, ವಿಮಾನ ಇರುವುದಿಲ್ಲ. ಗಂಟೆಗೆ ಆರುನೂರು ಮೈಲಿ ಎಂದರೆ ನಿಮಿಷಕ್ಕೆ ಹತ್ತು, ಆರು ಸೆಕೆಂಡಿಗೆ ಒಂದು. ನೀವು ಸುಮ್ಮನೆ ನೋಡುತ್ತಾ ಕಳೆಯುವ ಒಂದೊಂದು ಸುತ್ತಿಗೂ ಅದು ಒಂದೊಂದು ಮೈಲಿ ಹತ್ತಿರ ಬಂದಿರುತ್ತದೆ. ಆದ್ದರಿಂದ ಮೊದಲ ಸುತ್ತಿನಲ್ಲೇ ಹೇಳುವುದು ಕರೆಕ್ಟು. ಶಿವನಂಜಯ್ಯನವರನ್ನು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೇಳಿ ಖಚಿತ ಮಾಡಿಕೊಂಡೆ. ಈಗ ಡೌಟೇ ಇಲ್ಲ.

ಹೇಗೂ ನೀವು ಆರಿಸಿ ಬಂದಿರುವುದರಿಂದ ಇದರಿಂದ ತೊಂದರೆಯೇನೂ ಆಗಿಲ್ಲ.

ರುದ್ರ


ಯಳಂದೂರು
18 ಡಿಸೆಂಬರ್ 1971

ಮಾವ,

ಯುದ್ಧ ನಿಂತಿತು ಎಂದು ರೇಡಿಯೊದಲ್ಲಿ ಹೇಳಿದರು. ಹದಿನಾಲ್ಕು ದಿನದಿಂದ ಯಳಂದೂರಿನ ಚಿಕ್ಕಮ್ಮ ಶಿವರತ್ನಮ್ಮನ ಮನೆಯಲ್ಲಿದ್ದೇನೆ. ಇವರ ಹತ್ತಿರ ಟ್ರಾನ್ಸಿಸ್ಟರ್ ಇದೆ. ಕಾಲೇಜಿಗೆ ಹೋಗಿಲ್ಲ. ಸಮುದ್ರದ ಸುದ್ದಿ ಬಂದಾಗಲೆಲ್ಲ ಚಿಕ್ಕಮ್ಮ ಒಲೆ ಆರಿಸಿ ಬಂದು ಕೂರುತ್ತಾರೆ, ಉರಿಯುವ ಸದ್ದಿಗೆ ಮಾತು ಕೇಳುವುದಿಲ್ಲವೆಂದು. ಹಡಗಿನ ಹೆಸರು ಹೇಳಿದರೆ ನಮಗೆ ನಿಮ್ಮ ಹಡಗು ಯಾವುದೆಂದು ಗೊತ್ತಿಲ್ಲ. ಅವರು ಹೆಸರು ಹೇಳಿದಾಗ ಎಲ್ಲ ಹಡಗೂ ನಿಮ್ಮದೇ ಅನ್ನಿಸುತ್ತದೆ.

ಅಜ್ಜಿ ಮಾತ್ರ ಧೈರ್ಯವಾಗಿದ್ದಾರೆ. ನೀವು ಫಾರಿನ್ನಿನಲ್ಲಿ ಇದ್ದೀರೆಂದು ನಂಬಿದ್ದಾರೆ. ನಾನು ಅಲ್ಲ ಎನ್ನಲಿಲ್ಲ.

ಒಂದು ಸಾಲು ಬರೆಯಿರಿ. ಬರೀ ಹೆಸರು ಬರೆದರೂ ಸಾಕು.

ರುದ್ರ


ಬೊಂಬಾಯಿ
9 ಜನವರಿ 1972

ರುದ್ರ,

ಬದುಕಿದ್ದೇನೆ. ಕೈಕಾಲು ನೆಟ್ಟಗಿವೆ. ನಿನ್ನ ನವೆಂಬರಿನ ಕಾಗದ, ಡಿಸೆಂಬರಿನ ಕಾಗದ ಎರಡೂ ಒಟ್ಟಿಗೇ ಮೊನ್ನೆ ಕೈಗೆ ಬಂದವು.

ಪ್ರಮೋಷನ್ ಅಲ್ಲಪ್ಪ ಅದು. ಕುರ್ಚಿಯಿಂದ ಎಬ್ಬಿಸಿದರು.

ಹತ್ತೊಂಬತ್ತನೇ ತಾರೀಕು ಮಧ್ಯಾಹ್ನ ನಮ್ಮದೇ ವಿಮಾನವೊಂದು ಶತ್ರುವಿನ ಹಾಗೆ ನೀರಿಗಂಟಿಕೊಂಡು ಬಂತು. ನನ್ನ ಪರದೆಯಲ್ಲಿ ಎಂಟು ಮೈಲಿಯಲ್ಲಿ ಚುಕ್ಕಿ ಮೂಡಿತು. ಸಣ್ಣದು, ಸಾಸಿವೆ ಕಾಳಿನಷ್ಟು. ಒಂದು ಅಂದುಕೊಂಡೆ. ಮುಂದಿನ ಸುತ್ತಿನಲ್ಲಿ ಅದು ಇಲ್ಲ. ಅಲೆ ಇರಬೇಕು ಎಂದು ಬಿಟ್ಟೆ. ಅದರ ಮುಂದಿನ ಸುತ್ತಿನಲ್ಲಿ ಮತ್ತೆ ಮೂಡಿತು. ಮೊದಲಿನಿಂದ ಎಣಿಸಿದೆ. ಒಂದು. ಎರಡು. ಮೂರು. ಕೂಗುವಾಗ ನಾಲ್ಕು ಮೈಲಿ. ಗಾಜಿನ ಹಿಂದಿನವನು ಬರೆದು, ಸಾಹೇಬರು ನೋಡಿ, ಮೇಲೆ ಫಿರಂಗಿ ಅರ್ಧ ತಿರುಗುವ ಹೊತ್ತಿಗೆ ವಿಮಾನ ನಮ್ಮ ಕಂಬದ ಮೇಲೆ ಹಾದು ಹೋಯಿತು. ಕೋಣೆಯ ಒಳಗಿದ್ದ ನನಗೂ ಅದರ ಸದ್ದು ಕೇಳಿಸಿತು. ಪರೀಕ್ಷಕರು ಪುಸ್ತಕದಲ್ಲಿ ನಮ್ಮ ಹಡಗು ಮುಳುಗಿತು ಎಂದು ಬರೆದುಕೊಂಡರು. ಇನ್ನೂರ ಮೂವತ್ತು ಜನ ಸತ್ತೆವು, ಊಟಕ್ಕೆ ಹೋದೆವು.

ಸಾಹೇಬರು ಬೈಯಲಿಲ್ಲ. "ಮೊದಲು ಯಾವಾಗ ಕಂಡೆ?" ಎಂದರು. ಸುಳ್ಳು ಹೇಳಬಹುದಿತ್ತು. ಎಂಟು ಮೈಲಿಯಲ್ಲಿ ಎಂದೆ. ಕಾಣದೇ ಹೋಗಿದ್ದರೆ ಇನ್ನೊಂದು ಅವಕಾಶ ಕೊಡುತ್ತಿದ್ದರೇನೋ. ಕಂಡೂ ಸುಮ್ಮನಿದ್ದವನಿಗೆ ಏನು ಮಾಡುತ್ತಾರೆ? ಮಾರನೆ ದಿನ ಮೇಲೆ ಫಿರಂಗಿಗೆ ಗುಂಡು ಎತ್ತಿಕೊಡುವ ಕೆಲಸ.

ಯುದ್ಧದಲ್ಲಿ ನನ್ನ ಕುರ್ಚಿಯಲ್ಲಿ ಸಾವಂತ ಕೂತಿದ್ದ. ಹನ್ನೆರಡು ಸಲ ಕೂಗಿದ. ಮೋಡಕ್ಕೆ, ಹಕ್ಕಿಗೆ, ಒಂದು ಸಲ ನಮ್ಮದೇ ವಿಮಾನಕ್ಕೆ. ಪ್ರತಿ ಸಲವೂ ನಾವು ಗುಂಡು ತುಂಬಿ ಫಿರಂಗಿ ತಿರುಗಿಸಿ ನಿಂತೆವು, ಪ್ರತಿ ಸಲವೂ ಬೈದುಕೊಂಡು ಇಳಿಸಿದೆವು. ಹನ್ನೆರಡನೆಯ ಸಲ ನಿಜವಾಗಿ ಶತ್ರುವಿನ ವಿಮಾನ ಇತ್ತು. ನಾವು ಸಿದ್ಧವಾಗಿದ್ದೆವು, ಗುಂಡಿನ ಗೋಡೆ ಎದ್ದಿತು, ವಿಮಾನ ತಿರುಗಿಕೊಂಡು ಹೋಯಿತು. ನಾನಿದ್ದಿದ್ದರೆ ನಾನು ಇನ್ನೂ ಎಣಿಸುತ್ತಿದ್ದೆ.

ಆರು ಜನರ ಪಟ್ಟಿ ಹಾಕಿದ್ದಾರೆ. ಸಾವಂತ ಇದ್ದಾನೆ. ನಾನಿಲ್ಲ.

ಅವ್ವನಿಗೆ ಈಗಲೇ ಏನೂ ಹೇಳಬೇಡ.

ಮಹದೇವು


ಮಧುವನಹಳ್ಳಿ
25 ಜನವರಿ 1972

ಮಾವ,

ಈ ಕಾಗದ ಐದನೇ ಸಲ ಬರೆಯುತ್ತಿರುವುದು.

ನಾನು ನಿಮಗೆ ಎರಡು ಸುಳ್ಳು ಬರೆದಿದ್ದೇನೆ. ಜುಲೈಯಲ್ಲಿ ಶಿವನಂಜಯ್ಯನವರು ನನ್ನನ್ನು ಎಬ್ಬಿಸಿ ಪ್ರಶ್ನೆ ಕೇಳಿದ್ದು ನಿಜ. ನಾನು "ಐ ಥಿಂಕ್" ಎಂದು ಶುರುಮಾಡಿದೆ. ಅವರು, "ಥಿಂಕ್ ಮಾಡದು ಮನೇಲಿ. ಇಲ್ಲಿ ಗೊತ್ತಿದ್ರೆ ಏಳು, ಇಲ್ದಿದ್ರೆ ಕೂತ್ಕೊ" ಎಂದರು. ಕ್ಲಾಸೆಲ್ಲ ನಕ್ಕಿತು. ಅವತ್ತಿನಿಂದ ನನ್ನ ಹೆಸರೇ ಐ ಥಿಂಕ್. ಬಸ್ ಸ್ಟ್ಯಾಂಡಿನಲ್ಲೂ "ಲೇ ಐ ಥಿಂಕ್, ಬಸ್ಸು ಬತ್ತದೇನ್ಲಾ?" ಎನ್ನುತ್ತಾರೆ. ಆಮೇಲೆ ನಾನು ಕ್ಲಾಸಿನಲ್ಲಿ ಬಾಯಿ ಬಿಟ್ಟಿಲ್ಲ. ನೀವು ಕೇಳಿದಾಗ ನಾನು ಪುಸ್ತಕ ನೋಡಲಿಲ್ಲ. ನನ್ನ ಹೆದರಿಕೆಗೆ ಲ್ಯಾಬಿನ ರೂಲು ಹೊದಿಸಿ ಕಳಿಸಿದೆ.

ಎರಡನೆಯದು ಇನ್ನೂ ಕೆಟ್ಟದ್ದು. ಆ ಒಂದು ಸುತ್ತಿಗೆ ಒಂದು ಮೈಲಿಯ ಲೆಕ್ಕ ನಾನು ಮಾಡಿದ್ದು ನವೆಂಬರಿನಲ್ಲಲ್ಲ. ಅಕ್ಟೋಬರ್ ಎರಡನೇ ತಾರೀಕು, ಹನೂರಿನಲ್ಲಿ, ನಿಮ್ಮ ಮನೆಯ ಜಗುಲಿಯ ಮೇಲೆ. ಮಾರನೆ ದಿನವೇ ನಿಮಗೆ ಕಾಗದ ಬರೆದೆ, ಆದರೆ ಅದರಲ್ಲಿ ಇದನ್ನು ಬರೆಯಲಿಲ್ಲ. ಲೆಕ್ಕ ತಪ್ಪಿದ್ದರೆ? ನೀವು ಸಾಹೇಬರ ಎದುರು ನನ್ನ ಮಾತು ಹೇಳಿ ನಗೆಪಾಟಲಾದರೆ? ಕಾಲೇಜು ತೆರೆಯಲಿ, ಕೇಳಿ ಖಚಿತ ಮಾಡಿಕೊಳ್ಳೋಣ ಎಂದುಕೊಂಡೆ. ಕಾಲೇಜು ತೆರೆದ ಮೇಲೂ ಸ್ಟಾಫ್ ರೂಮಿನ ಬಾಗಿಲವರೆಗೆ ಹೋಗಿ ಎರಡು ಸಲ ವಾಪಸ್ ಬಂದೆ. ಮೂರನೇ ಸಲ ಬಾಗಿಲಲ್ಲಿ ನಿಂತು ಕೇಳಿದ್ದು ನವೆಂಬರಿನಲ್ಲಿ.

ಅಕ್ಟೋಬರ್ ಮೂರರ ಕಾಗದದಲ್ಲಿ ಒಂದು ಸಾಲು ಬರೆದಿದ್ದರೆ ಸಾಕಿತ್ತು. ಹತ್ತೊಂಬತ್ತರ ಒಳಗೆ ನಿಮಗೆ ಸಿಗುತ್ತಿತ್ತು.

ಬೈದು ಬರೆಯಿರಿ. ಬರೆಯದೆ ಇರಬೇಡಿ.

ರುದ್ರ


ಬೊಂಬಾಯಿ
20 ಫೆಬ್ರವರಿ 1972

ರುದ್ರ,

ಬೈಯಲು ಕೂತೆ, ಬರಲಿಲ್ಲ. ಕೋಪ ಬಂದದ್ದು ನಿಜ. ಕಾಗದ ಮಡಚಿಟ್ಟು ನಾಲ್ಕು ದಿನ ತೆಗೆಯಲಿಲ್ಲ. ಆಮೇಲೆ ಯೋಚನೆ ಮಾಡಿದೆ. ಇಲ್ಲಿ ಇಪ್ಪತ್ತು ವರ್ಷ ರೇಡಾರು ನೋಡಿದ ಚೀಫ್ ಇದ್ದರು, ಸಾಹೇಬರಿದ್ದರು. ಅವರ ಮಾತು ಬಿಟ್ಟು ರೇಡಾರು ಕಣ್ಣಲ್ಲೂ ನೋಡದ ಹದಿನೆಂಟು ವರ್ಷದವನನ್ನು ಯಾಕೆ ಕೇಳಿದೆ? ನೀನು ಏನು ಹೇಳುತ್ತೀಯ ಅಂತ ಗೊತ್ತಿದ್ದೇ ಕೇಳಿದೆ ಕಣಪ್ಪ. ಸಾಹೇಬರ ಮಾತು ನನಗೆ ಬೇಕಿರಲಿಲ್ಲ. ಅಕ್ಟೋಬರಿನಲ್ಲಿ ನೀನು ಆ ಸಾಲು ಬರೆದಿದ್ದರೂ ನಾನು ಕೇಳುತ್ತಿದ್ದೆನೋ ಇಲ್ಲವೋ. ಕೇಳುತ್ತಿದ್ದೆ ಅಂತಲೂ ಹೇಳಲಾರೆ, ಇಲ್ಲ ಅಂತ ಹೇಳಿ ನಿನ್ನನ್ನು ಬಿಡಿಸಲೂ ಆರೆ.

ಮೊನ್ನೆ ಆರು ಜನ ಹೊರಟರು. ಸಾವಂತನ ಟ್ರಂಕು ನಾನೇ ಹೊತ್ತು ಕೊಟ್ಟೆ. ದಾರಿಯಲ್ಲಿ ಕೇಳಿದೆ, ಅಷ್ಟು ಸಲ ಸುಳ್ಳು ಕೂಗಿದೆಯಲ್ಲ, ನಾಚಿಕೆಯಾಗಲಿಲ್ಲವೇ ಅಂತ. ಅವನಿಗೆ ನನ್ನ ಮಾತೇ ತಿಳಿಯಲಿಲ್ಲ. "ವಿಮಾನವೋ ಹಕ್ಕಿಯೋ ಅಂತ ತೀರ್ಮಾನ ಮಾಡುವುದು ಸಾಹೇಬರ ಕೆಲಸ. ನನ್ನದು ಕಂಡದ್ದನ್ನು ದಾಟಿಸುವುದು. ನಿನಗೆ ಯಾರು ಎರಡೂ ಕೆಲಸ ಮಾಡು ಅಂದರು?" ಎಂದ.

ಯಾರೂ ಅಂದಿರಲಿಲ್ಲ. ಹೊಸ ಹಡಗಿನ ಯಂತ್ರವೂ ಹಾಗೆಯೇ ಅಂತೆ. ರೇಡಾರು ಅನುಮಾನವನ್ನು ಅನುಮಾನವಾಗಿಯೇ ಮುಂದಕ್ಕೆ ತಳ್ಳುತ್ತದೆ, ಮುಂದಿನದು ತೂಗಿ ನೋಡುತ್ತದೆ. ಎಲ್ಲವೂ ಒಂದೇ ಆಗಿರುವುದರಿಂದ ಯಾವುದಕ್ಕೂ ಇನ್ನೊಂದರ ಎದುರು ಮಾನ ಹೋಗುವುದಿಲ್ಲ. ನಮ್ಮ ಕೋಣೆಯಲ್ಲಿ ನಾನೊಬ್ಬ ಬೇರೆಯಾಗಿ ಕೂತಿದ್ದೆ.

ಏಪ್ರಿಲಿನಲ್ಲಿ ರಜೆಗೆ ಬರುತ್ತೇನೆ. ಬರುವುದರೊಳಗೆ ಅವ್ವನಿಗೆ ಹೇಳಿಬಿಡು. ನನಗೆ ಆಗುವುದಿಲ್ಲ. ಅವಳ ಎದುರು ನಿಂತು ಇದನ್ನು ಹೇಳುವುದಕ್ಕಿಂತ ಇನ್ನೊಂದು ಯುದ್ಧ ಆಗಬಹುದು.

ಮಹದೇವು


ಹನೂರು
12 ಮಾರ್ಚ್ 1972

ಮಾವ,

ಹೇಳಿದೆ. ಕೊಳ್ಳೇಗಾಲದಿಂದ ಹನೂರಿನ ಬಸ್ಸಿನಲ್ಲಿ ಉದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಮನೆಗೆ ಬಂದು ನೋಡಿದರೆ ಅಜ್ಜಿ ಅವರೆಕಾಳು ಸುಲಿಯುತ್ತಿದ್ದರು. ಜೋಡಿಸಿದ್ದೆಲ್ಲ ಮರೆತುಹೋಯಿತು. "ಅಜ್ಜಿ, ಮಾವ ಫಾರಿನ್ನಿಗೆ ಹೋಗಲಿಲ್ಲ, ಹೋಗುವುದೂ ಇಲ್ಲ" ಎಂದೆ. ಯಾಕೆ ಎಂದರು. ಚುಕ್ಕಿಯ ವಿಷಯ, ಮೂರು ಸುತ್ತಿನ ವಿಷಯ, ಕಂಡರೂ ನೀವು ಕೂಗದೆ ಕಾದ ವಿಷಯ, ತಿಳಿಯುವ ಹಾಗೆ ಹೇಳಿದೆ.

ಅಜ್ಜಿ ಸುಲಿದ ಕಾಳನ್ನು ಮೊರಕ್ಕೆ ಸುರಿದರು. ಆಮೇಲೆ, "ಅಂವುನ್ಗೆ ಅನ್ನೊಂದೊರ್ಸ ಆಗಿತ್ತು ಕನಪ್ಪ. ಒಂದಿನ ಸಂಜ ಅಟ್ಟಣೆ ಮೇಲಿಂದ ಆನೆ ಆನೆ ಅಂತ ಕೂಗ್ಬುಟ್ಟ. ಊರೆಲ್ಲ ತಮಟೆ ತಕಂಡು ಓಡ್ಬಂದ್ರು. ನೋಡುದ್ರ, ಮುನಿಯನ ಎಮ್ಮೆ. ಎಲ್ರೂ ಸುಮ್ಕೇ ಇದ್ರು. ನಾನೇ ಮೊದ್ಲು ನಕ್ಕದ್ದು. ಎಮ್ಮೆಯಾನೆ ಅಂತ ಹೆಸ್ರಿಟ್ಟೋಳೂ ನಾನೆಯ. ಮಾರ್ನೆ ದಿನ ಐದ್ ಅಟ್ಟಣೆಗೂ ನೀರ್ ಹೊತ್ತ, ಯಾರ್ ಮಕವೂ ನೋಡ್ನಿಲ್ಲ. ಅಮೇಕ ಅಂವ ಯಾವತ್ತೂ ತಪ್ ಕೂಗ್ನಿಲ್ಲ. ನನ್ ಮಗ ಬುದ್ದುವಂತ ಆದ ಅನ್ಕಂಡಿ" ಎಂದರು.

ಒಂದು ದಿನವೂ ಆ ನೀರು ಹೊತ್ತವನಲ್ಲ ಎಂದು ಆಗಸ್ಟಿನಲ್ಲಿ ಬರೆದಿದ್ದ ನೀವು ಇದನ್ನು ನನಗೆ ಹೇಳಿರಲಿಲ್ಲ. ಹೇಳದೆ ಇದ್ದದ್ದಕ್ಕೆ ಬೇಸರವಿಲ್ಲ. ನಾನೂ ಐ ಥಿಂಕ್ ವಿಷಯ ಹೇಳಿರಲಿಲ್ಲ.

ಊಟವಾದ ಮೇಲೆ ಅಜ್ಜಿ ಸೆರಗು ಸರಿಮಾಡಿಕೊಂಡು ಹೊರಟರು. ನೀವು ಹೋಗುತ್ತೀರೆಂದು ಯಾವ ಯಾವ ಮನೆಯಲ್ಲಿ ಹೇಳಿದ್ದರೋ ಆ ಎಲ್ಲ ಮನೆಗೂ ಹೋಗಿ, ಹೋಗಲಿಲ್ಲ ಎಂದು ಹೇಳಿ ಬರುತ್ತೇನೆ ಎಂದರು. ಬಿಸಿಲು ಇಳಿಯಲಿ ಎಂದರೆ ಕೇಳಲಿಲ್ಲ. ನಾನು ಹಿಂದೆ ನಡೆದೆ. ಪ್ರತಿ ಬಾಗಿಲಲ್ಲೂ "ನನ್ ಮಗ ಓಗ್ನಿಲ್ಲ ಕನವ್ವ" ಎನ್ನುತ್ತಿದ್ದರು. "ಯಾಕವ್ವ, ಏನಾಯ್ತು?" ಎಂದು ಕೇಳಿದರೆ, "ನಾನ್ ನಕ್ಕಿದ್ದಿ, ಅದ್ಕೆ" ಎನ್ನುತ್ತಿದ್ದರು. ಯಾರಿಗೂ ಅರ್ಥವಾಗಲಿಲ್ಲ. ವಯಸ್ಸಾಯಿತು ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಆರು ಮನೆಯಲ್ಲಿ ನಾನು ಸುಮ್ಮನೆ ನಿಂತಿದ್ದೆ. ಏಳನೆಯದು ದೊಡ್ಡಮಾದಪ್ಪನವರ ಮನೆ. ಅಜ್ಜಿ ಬಾಯಿ ತೆರೆಯುವ ಮೊದಲೇ ನಾನು, "ಮಾವನಿಗೆ ಕೂಗಬೇಡ ಅಂತ ಬರೆದವನು ನಾನು. ತಪ್ಪು ನನ್ನದು" ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. ದೊಡ್ಡಮಾದಪ್ಪನವರು ನನ್ನನ್ನೂ ಅಜ್ಜಿಯನ್ನೂ ನೋಡಿ, "ಬುಡಪ್ಪ, ಓದೋ ಐಕ, ನಿಂಗೇನ್ ಗೊತ್ತಾದ್ದು" ಎಂದು ಒಳಗೆ ಕೂಗಿ ಒಂದು ಲೋಟ ಮಜ್ಜಿಗೆ ತರಿಸಿದರು. ಅಜ್ಜಿಯೂ, "ಇಲ್ಲ ಇಲ್ಲ, ಇದು ಏನೂ ಅರೀದ ಮಗ" ಎಂದು ನನ್ನ ತಲೆ ಸವರಿದರು.

ನನ್ನ ತಪ್ಪನ್ನು ಇಲ್ಲಿ ಯಾರೂ ಒಪ್ಪಿಕೊಳ್ಳುತ್ತಿಲ್ಲ ಮಾವ. ಮಜ್ಜಿಗೆ ಕುಡಿದೆ. ಇನ್ನೂ ಎಂಟು ಮನೆ ಇದ್ದವು, ಅಜ್ಜಿ ಆಗಲೇ ಮೆಟ್ಟಿಲಿಳಿದು ಬಿಸಿಲಿಗೆ ಹೋಗಿದ್ದರು.

ರುದ್ರ